ತಾಲೂಕು ಆಫೀಸು ಉಳೀತು, ತಾಲೂಕು ಸಭೆ ಉಳೀಲಿಲ್ಲ

ತುಮಕೂರು ಜಿಲ್ಲೆಗೆ ಹತ್ತು ತಾಲೂಕು. ಜಿಲ್ಲೆ ಅಂದಕೂಡಲೇ ಹೊರಗಿನವರಿಗೆ ನೆನಪಾಗೋದು ತಿಪಟೂರಿನ ಕೊಬ್ಬರಿ, ಗುಬ್ಬಿಯ ನಾಟಕ ಕಂಪನಿ, ಸಿದ್ಧಗಂಗೆಯ ದಾಸೋಹ. ಜಿಲ್ಲೆಯ ಉತ್ತರಕ್ಕೂ ಈಶಾನ್ಯಕ್ಕೂ ಚಾಚಿಕೊಂಡಿರುವ ನಾಲ್ಕು ತಾಲೂಕುಗಳು ಅಷ್ಟು ಬೇಗ ನೆನಪಿಗೆ ಬರೋದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಬಂಡೆಬೆಟ್ಟ, ಕಡಲೆಕಾಯಿ ಹೊಲ, ಮಳೆ ಬಂದ ವರ್ಷ ಮಾತ್ರ ತುಂಬುವ ಕೆರೆ. ಸರ್ಕಾರದ ಕಡತದಲ್ಲಿ ಈ ನಾಲ್ಕಕ್ಕೂ ಸೇರಿ ಒಂದು ಹೆಸರಿದೆ: ಮಧುಗಿರಿ ಉಪವಿಭಾಗ. ನಾಲ್ಕು ತಾಲೂಕಿಗೂ ಒಬ್ಬ ಉಪವಿಭಾಗಾಧಿಕಾರಿ. ಜನರ ಬಾಯಲ್ಲಿ "ಎ.ಸಿ. ಸಾಹೇಬ್ರು".

ಈ ಸೀಮೆಯನ್ನು ಇಷ್ಟು ಶತಮಾನ ಯಾರ್ಯಾರು ಆಳಿದರು ಅನ್ನೋದಕ್ಕೆ ಪುಸ್ತಕಗಳಿವೆ. ಇಲ್ಲಿ ನಾನು ಬರೆಯೋಕೆ ಹೊರಟಿರೋದು ಅದರ ಪಕ್ಕದ ಪ್ರಶ್ನೆ. ಊರಿನ ಕೆಲಸದ ಬಗ್ಗೆ ಮಾತಾಡೋಕೆ, ಲೆಕ್ಕ ಕೇಳೋಕೆ ಇಲ್ಲಿನ ಜನಕ್ಕೆ ಯಾವಾಗ ಜಾಗ ಸಿಕ್ತು? ಸಿಕ್ಕಿದ್ದು ಎಷ್ಟು ದಿನ ಉಳೀತು? ರಾಜರ ಕಥೆಯಷ್ಟು ರೋಚಕವಲ್ಲ. ಆದರೆ ನಲ್ಲಿಯಲ್ಲಿ ನೀರು ಬರುತ್ತೋ ಇಲ್ಲವೋ ಅನ್ನೋದು ತೀರ್ಮಾನವಾಗೋದು ಇದರಲ್ಲೇ.

ಸುಬಾ, ಪಾಳೆಯಪಟ್ಟು, ಮತ್ತೆ ಊರು

ಇವತ್ತು ಶಿರಾ ಅಂದರೆ ಬೆಂಗಳೂರು–ಪುಣೆ ಹೆದ್ದಾರಿಯ ಪಕ್ಕದ ಊರು. ಮುನ್ನೂರು ವರ್ಷದ ಹಿಂದೆ ಅದು ರಾಜಧಾನಿ. ರತ್ನಗಿರಿಯ ನಾಯಕ ರಂಗಪ್ಪ ಕಟ್ಟಲು ಶುರುಮಾಡಿದ ಕೋಟೆಯನ್ನು 1638ರಲ್ಲಿ ಬಿಜಾಪುರದವರು ಹಿಡಿದರು. 1687ರಲ್ಲಿ ಔರಂಗಜೇಬನ ಸೈನ್ಯ ಬಂತು. ಮೊಗಲರು ಶಿರಾವನ್ನು ಒಂದು ಸುಬಾದ ಕೇಂದ್ರ ಮಾಡಿದರು. ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಬಸವಾಪಟ್ಟಣ, ಬೂದಿಹಾಳ, ಶಿರಾ ಇವು ಏಳು ಪರಗಣೆಗಳು. ಚಿತ್ರದುರ್ಗ, ಬಿದನೂರು, ಹರಪನಹಳ್ಳಿ, ಕೊನೆಗೆ ಮೈಸೂರು ಕೂಡ ಕಪ್ಪ ಕೊಡಬೇಕಾದ ಸಂಸ್ಥಾನಗಳ ಪಟ್ಟಿಯಲ್ಲಿದ್ದವು. ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಒಪ್ಪಿಸಿದ ಮೊಗಲ್ ಸೇನಾಪತಿ ಖಾಸಿಂ ಖಾನನೇ ಈ ಸುಬಾದ ಮೊದಲ ಅಧಿಕಾರಿ. ಅಂದರೆ ಇವತ್ತಿನ ರಾಜಧಾನಿ ಕೈಬದಲಾದ ಕಾಲಕ್ಕೆ ಈ ಭಾಗದ ದೊಡ್ಡ ಕಚೇರಿ ಇದ್ದದ್ದು ಶಿರಾದಲ್ಲಿ! ಮುಂದೆ ದಿಲಾವರ್ ಖಾನನ ಕಾಲದಲ್ಲಿ ಊರು ಇನ್ನೂ ಬೆಳೆಯಿತು. ಅವನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿಸಿದರು ಅಂತ ಹಳೆಯ ಗೆಜೆಟಿಯರುಗಳು ಹೇಳುತ್ತವೆ. 1757ರಲ್ಲಿ ಮರಾಠರು, 1761ರಲ್ಲಿ ಹೈದರ್. ಆಮೇಲೆ ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದ ಅಂತಲೂ ಅದೇ ಗೆಜೆಟಿಯರುಗಳಲ್ಲಿದೆ. ಊರಿನ ಭವಿಷ್ಯ ತೀರ್ಮಾನವಾದಾಗ ಊರಿನವರನ್ನು ಯಾರೂ ಕೇಳಲಿಲ್ಲ. ಅದು ಆ ಕಾಲದ ರೀತಿ.

ಉಳಿದ ಮೂರು ಕಡೆ ಪಾಳೆಯಗಾರರು. ಆಗ ಮದ್ದಗಿರಿ ಅಂತಿದ್ದ ಮಧುಗಿರಿಯಲ್ಲಿ ಗೌಡ ಮನೆತನದವರು. ಅವರಿಂದ 1678ರಲ್ಲಿ ಮೈಸೂರಿನ ದಳವಾಯಿ ಕೋಟೆ ಕಸಿದುಕೊಂಡ. 1763ರಲ್ಲಿ ಬಿದನೂರು ಬಿದ್ದ ಮೇಲೆ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಹೈದರ್ ಸೆರೆಯಿಟ್ಟದ್ದು ಇದೇ ಬೆಟ್ಟದಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯ ಬಂದು ಬಿಡಿಸಿದ. ಕೊರಟಗೆರೆ ಕಡೆ ರಣಭೈರೇಗೌಡನ ವಂಶ. ಪಾವಗಡದ ಕಡೆ ನಿಡುಗಲ್ಲು ಬೆಟ್ಟ, ಹನ್ನೆರಡು–ಹದಿಮೂರನೆಯ ಶತಮಾನದಲ್ಲಿ ನಿಡುಗಲ್ಲಿನ ಚೋಳರು ಆಳಿದ ಜಾಗ, ಆಮೇಲೆ ಪಾಳೆಯಗಾರರದು.

ಇಷ್ಟು ಜನ ಬಂದುಹೋದರೂ ಕೆಳಗೆ ಒಂದು ವ್ಯವಸ್ಥೆ ಮಾತ್ರ ಹಾಗೇ ಇತ್ತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ, ಅಗಸ, ನಾಪಿತ... ಆಯಗಾರರು. ಸುಗ್ಗಿಯಲ್ಲಿ ಕಣದಲ್ಲೇ ಅವರವರ ಪಾಲು ಅಳೆದುಕೊಡುತ್ತಿದ್ದರು. ಕೆರೆ ತೂಬು ಎತ್ತೋದು ನೀರಗಂಟಿ, ಲೆಕ್ಕ ಬರೆಯೋದು ಶಾನುಭೋಗ. ಇದನ್ನು "ಗ್ರಾಮ ಗಣರಾಜ್ಯ" ಅಂತ ಹೊಗಳೋರಿದ್ದಾರೆ. ಹೊಗಳುವ ಮುಂಚೆ ಸ್ವಲ್ಪ ನಿಧಾನಿಸಬೇಕು. ಕೆರೆ ನೀರು ಹಂಚಿಕೆಯಲ್ಲಿ ಅದು ಜಾಣತನದ ವ್ಯವಸ್ಥೆ, ನಿಜ. ಆದರೆ ಕಟ್ಟೆ ಮೇಲೆ ಕೂತು ತೀರ್ಪು ಕೊಟ್ಟವರು ಯಾರು, ಕಟ್ಟೆ ಕೆಳಗೆ ನಿಂತವರು ಯಾರು ಅನ್ನೋದೂ ನಮಗೆ ಗೊತ್ತಿದೆ. ತೋಟಿಗೆ ಕೆಲಸವಿತ್ತು, ಮಾತಿರಲಿಲ್ಲ. ಹೆಂಗಸರಿಗಂತೂ ಆ ಕಟ್ಟೆಯೇ ಇರಲಿಲ್ಲ.

ಅಮಲ್ದಾರರ ಕಾಲ

1831ರಲ್ಲಿ ಮೈಸೂರನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು. ಕಬ್ಬನ್ ಸಾಹೇಬನ ಕಾಲದಲ್ಲಿ ಫೌಜದಾರಿಗಳು, ಬೌರಿಂಗನ ಕಾಲದಲ್ಲಿ, ಅಂದರೆ 1863ರಿಂದ, ಮೂರು ಡಿವಿಜನ್, ಎಂಟು ಜಿಲ್ಲೆ. ತುಮಕೂರು ಜಿಲ್ಲೆ ನಂದಿದುರ್ಗ ಡಿವಿಜನ್ನಿಗೆ ಸೇರಿತು. ಪಾವಗಡ ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ನಗರ ಡಿವಿಜನ್ನಿನಲ್ಲಿ. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಪಾವಗಡವನ್ನು ತುಮಕೂರಿಗೆ ಹಾಕಿದರು. ಕೊರಟಗೆರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಧುಗಿರಿಯ ಉಪತಾಲೂಕು. ಮದ್ದಗಿರಿ ಅನ್ನೋ ಹೆಸರು ಮಧುಗಿರಿ ಆದದ್ದು 1927ರಲ್ಲಿ.

ನಕ್ಷೆ ತೆಗೆದು ನೋಡಿದರೆ ಪಾವಗಡದ ಕಥೆ ಒಂದೇ ಸಲಕ್ಕೆ ಅರ್ಥ ಆಗುತ್ತೆ. ತಾಲೂಕಿನ ಸುತ್ತ ಹೆಚ್ಚುಕಡಿಮೆ ಪೂರ್ತಿ ಆಂಧ್ರ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ದಾರಿಯಲ್ಲಿ ರಾಜ್ಯ ದಾಟಿ ಮತ್ತೆ ರಾಜ್ಯದೊಳಕ್ಕೆ ಬರುತ್ತೆ. ಕನ್ನಡ ಸೀಮೆಯೊಳಕ್ಕೆ ಹಾಗೇ ಚಾಚಿಕೊಂಡಿರೋದು ಆಂಧ್ರದ ಮಡಕಶಿರಾ. ಇದು ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತ್ಯಕ್ಕೂ ಇದ್ದ ಹಳೆಯ ಗಡಿ. 1956ರಲ್ಲಿ ಭಾಷಾವಾರು ಪ್ರಾಂತ್ಯ ಆದಾಗಲೂ ಅದನ್ನು ಸರಿಮಾಡಲಿಲ್ಲ. ಪಾವಗಡದ ಬೀದಿಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ. ಜಿಲ್ಲಾ ಕೇಂದ್ರ ನೂರು ಕಿಲೋಮೀಟರಿಗೂ ದೂರ.

ಆಡಳಿತದ ಶಬ್ದಗಳನ್ನು ನೋಡಿ: ತಾಲೂಕು, ಹೋಬಳಿ, ಅಮಲ್ದಾರ, ಶೇಕ್‌ದಾರ, ಜಮಾಬಂದಿ, ಕಿರ್ದಿ, ಖಾತೆ. ಹೆಚ್ಚಿನವು ಪಾರ್ಸಿ–ಅರಬಿ ಕಡೆಯಿಂದ ಬಂದವು, ಹೆಚ್ಚಿನವು ಕಂದಾಯದ ಮಾತುಗಳು. ಅಂದರೆ ತಾಲೂಕು ಅನ್ನೋದು ಹುಟ್ಟಿದ್ದೇ ದುಡ್ಡು ವಸೂಲಿಗೆ. ಆ ದುಡ್ಡಲ್ಲಿ ಒಂದು ಪಾಲು ಊರಿಗೆ ವಾಪಸ್ ಬರಬೇಕು ಅನ್ನೋ ಯೋಚನೆ ಶುರುವಾಗಿದ್ದು 1860ರ ದಶಕದಲ್ಲಿ, ಕಂದಾಯದ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಸೆಸ್ಸು ಹಾಕಿದಾಗ. ರಸ್ತೆ, ಛತ್ರ, ಶಾಲೆ ಅದರಿಂದ. ಆ ಹಣದ ಉಸ್ತುವಾರಿಗೆ ಸಮಿತಿಗಳೂ ಬಂದವು. ಸಮಿತಿಯಲ್ಲಿ ಅಧಿಕಾರಿಗಳದ್ದೇ ಮಾತು. ಊರಿನ ದೊಡ್ಡ ರೈತರು ಒಬ್ಬಿಬ್ಬರು ಕೂತಿರುತ್ತಿದ್ದರು.

1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದ ವರ್ಷವೇ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ದಸರೆಯ ಸಮಯಕ್ಕೆ ಪ್ರಜಾಪ್ರತಿನಿಧಿ ಸಭೆ ಕರೆದರು. ಮೊದಲ ಸಭೆಗೆ 144 ಜನ. ಪ್ರತಿನಿಧಿಗಳನ್ನು ಕಳಿಸುವ ಘಟಕ ತಾಲೂಕು. ಹಣ ವಸೂಲಿಯ ಘಟಕವಾಗಿದ್ದ ತಾಲೂಕು ಮಾತಿನ ಘಟಕವೂ ಆದದ್ದು ಆವಾಗಲೇ. ಅದಕ್ಕೇ ಆ ವರ್ಷ ಮುಖ್ಯ. ಹೋದವರು ಅಹವಾಲು ಹೇಳಬಹುದಿತ್ತು, ತೀರ್ಮಾನ ಮಾಡೋಹಾಗಿರಲಿಲ್ಲ. 1891ರಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ನೇಮಕದ ಬದಲು ಚುನಾವಣೆ ಬಂತು. ಓಟಿದ್ದದ್ದು ಇಂತಿಷ್ಟು ಕಂದಾಯ ಕಟ್ಟುವವರಿಗೆ, ಓದಿದವರಿಗೆ ಮಾತ್ರ.

ಬರೋದು ಹೋಗೋದು

ಇಲ್ಲಿಂದ ಮುಂದಕ್ಕೆ ತಾಲೂಕು ಸಭೆ ಅನ್ನೋದರ ಜಾತಕ ಬರೆದರೆ ವಿಚಿತ್ರವಾಗಿರುತ್ತೆ. ಇಸವಿಗಳನ್ನು ಒಂದರ ಕೆಳಗೊಂದು ಇಡ್ತೀನಿ, ನೀವೇ ನೋಡಿ.

1902ರ ಲೋಕಲ್ ಬೋರ್ಡ್ಸ್ ರೆಗ್ಯುಲೇಷನ್ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳನ್ನು ಕಾನೂನಿನ ಪ್ರಕಾರ ತಂದಿತು. 1906ರಲ್ಲಿ ಪಟ್ಟಣಗಳಿಗೆ ಮುನಿಸಿಪಲ್ ರೆಗ್ಯುಲೇಷನ್. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ವರ್ಷವಾದ 1918ರಲ್ಲಿ ಲೋಕಲ್ ಬೋರ್ಡು ಮತ್ತು ಗ್ರಾಮ ಪಂಚಾಯಿತಿಗಳಿಗೆ ಹೊಸ ಕಾನೂನು, ಚುನಾಯಿತರ ಪಾಲು ಹೆಚ್ಚಾಯಿತು. 1926ರಲ್ಲಿ ಮತ್ತೆ ತಿದ್ದುಪಡಿ. ಈ ಸಲ ತಾಲೂಕು ಬೋರ್ಡುಗಳನ್ನೇ ತೆಗೆದುಹಾಕಿದರು. ಜಿಲ್ಲಾ ಬೋರ್ಡು ಮೇಲೆ, ಗ್ರಾಮ ಪಂಚಾಯಿತಿ ಕೆಳಗೆ, ನಡುವೆ ಖಾಲಿ. ಅಮಲ್ದಾರರ ಕಚೇರಿ ಮಾತ್ರ ಇದ್ದಲ್ಲೇ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಇನ್ನೊಂದು ಕಾಯ್ದೆ. 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ ಮೂರು ಹಂತದ ಪಂಚಾಯಿತಿ ಬೇಕು ಅಂತ ಹೇಳಿತು. ಅದರಂತೆ 1959ರ ಕಾಯ್ದೆ. ಈಗ ಚಕ್ರ ತಿರುಗಿತು. 1926ರಲ್ಲಿ ಬೇಡವಾಗಿದ್ದ ತಾಲೂಕು 1959ರಲ್ಲಿ ಎಲ್ಲಕ್ಕಿಂತ ಮುಖ್ಯ! ತಾಲೂಕು ಅಭಿವೃದ್ಧಿ ಮಂಡಳಿಗೆ ನೇರ ಚುನಾವಣೆ. ಜಿಲ್ಲೆಯಲ್ಲಿ ಮಾತ್ರ ಡೆಪ್ಯುಟಿ ಕಮಿಷನರ್ ಅಧ್ಯಕ್ಷತೆಯ ಸಲಹಾ ಪರಿಷತ್ತು. ಹಳಬರ ಬಾಯಲ್ಲಿ ಇವತ್ತಿಗೂ ಬರುವ "ಟಿ.ಡಿ.ಬಿ. ಮೆಂಬರು", "ಟಿ.ಡಿ.ಬಿ. ಪ್ರೆಸಿಡೆಂಟು" ಈ ಕಾಲದವರು. ಮಂಡಳಿ ಇತ್ತು, ಆದರೆ ಚುನಾವಣೆ ಸಕಾಲಕ್ಕೆ ನಡೆಯಲಿಲ್ಲ. ಒಂದು ಚುನಾವಣೆಗೂ ಇನ್ನೊಂದಕ್ಕೂ ನಡುವೆ ಸರ್ಕಾರ ತನಗೆ ಬೇಕಾದಷ್ಟು ವರ್ಷ ತೆಗೆದುಕೊಂಡಿತು. ಇದೇ ಹೊತ್ತಿಗೆ 1963ರ ಫೆಬ್ರವರಿಯಲ್ಲಿ ವಂಶಪಾರಂಪರ್ಯದ ಪಟೇಲ–ಶಾನುಭೋಗಿಕೆ ಹೋಯಿತು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಶತಮಾನಗಳ ಯಜಮಾನಿಕೆಗೆ ಕಾನೂನಿನಲ್ಲಿ ಕೊನೆ. ಜೊತೆಗೇ ನೀರಗಂಟಿಯ ಕೆಲಸಕ್ಕೂ ಯಾರೂ ದಿಕ್ಕಿಲ್ಲದಂತಾಯಿತು. ಬೋರ್‌ವೆಲ್ಲು ಬಂದ ಮೇಲೆ ಕೆರೆ ಯಾರಿಗೂ ಬೇಡವಾದದ್ದು ಬೇರೆ ಕಥೆ.

1983ರ ಕಾಯ್ದೆಯ ಬಗ್ಗೆ ಒಂದಿಷ್ಟು ಪ್ರೀತಿಯಿಂದಲೇ ಬರೀಬೇಕು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೈಪಂಪಿನ ಬೋರು ಹಾಕಿಸಿ "ನೀರ್ ಸಾಬ್" ಅಂತ ಕರೆಸಿಕೊಂಡವರು. ರಾಷ್ಟ್ರಪತಿಗಳ ಒಪ್ಪಿಗೆ ಸಿಗೋಕೆ 1985 ಆಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ, ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಹಳ್ಳಿಗಳ ಗುಂಪಿಗೆ ಮಂಡಲ ಪಂಚಾಯಿತಿ, ಅದಕ್ಕೊಬ್ಬ ಪ್ರಧಾನ. ಮಹಿಳೆಯರಿಗೆ ನಾಲ್ಕರಲ್ಲಿ ಒಂದು ಸ್ಥಾನ, ದೇಶದಲ್ಲಿ ಬೇರೆಯವರು ಇನ್ನೂ ಯೋಚನೆ ಮಾಡುತ್ತಿದ್ದಾಗಲೇ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು.

ಇಷ್ಟು ಒಳ್ಳೆ ಕಾಯ್ದೆಯಲ್ಲೂ ತಾಲೂಕಿಗೆ ಸಿಕ್ಕಿದ್ದೇನು? ತಾಲೂಕು ಪಂಚಾಯಿತಿ ಸಮಿತಿ. ಜನ ನೇರವಾಗಿ ಆರಿಸಿದ ಸಭೆಯಲ್ಲ. ಅಧ್ಯಕ್ಷರು ಸ್ಥಳೀಯ ಶಾಸಕರು, ಸದಸ್ಯರು ಮಂಡಲ ಪ್ರಧಾನರು, ಕೆಲಸ ಸಲಹೆ ಕೊಡೋದು. 1959ರಲ್ಲಿ ಮೇಲೆ ಹೋದ ತಾಲೂಕು ಮತ್ತೆ ಕೆಳಕ್ಕೆ. ಜಿಲ್ಲಾ ಪರಿಷತ್ತಿಗೂ ಹೆಚ್ಚು ಆಯಸ್ಸಿರಲಿಲ್ಲ. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು.

ಮುಂದಿನ ವರ್ಷ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಅದಕ್ಕೆ ಹೊಂದುವಂತೆ 1993ರ ಮೇ 10ರಿಂದ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ. ಗ್ರಾಮ, ತಾಲೂಕು, ಜಿಲ್ಲೆ ಮೂರಕ್ಕೂ ನೇರ ಚುನಾವಣೆ. ಐದು ವರ್ಷ ಮುಗಿಯೋದರೊಳಗೆ ಮತ್ತೆ ಚುನಾವಣೆ ಆಗಲೇಬೇಕು ಅನ್ನೋದು ಈಗ ಸಂವಿಧಾನದ ಮಾತು (243ಇ ವಿಧಿ). ತಾಲೂಕಿಗೆ ಮತ್ತೆ ಜೀವ ಬಂತು. ಮಹಿಳೆಯರಿಗೆ ಮೂರರಲ್ಲಿ ಒಂದು, 2010ರಿಂದ ಅರ್ಧ. ಹಳೆಯ ಜಮಾಬಂದಿ ಅನ್ನೋ ಶಬ್ದವೂ ಅರ್ಥ ಬದಲಿಸಿತು. ಹಿಂದೆ ಸರ್ಕಾರ ರೈತರ ಲೆಕ್ಕ ನೋಡುತ್ತಿದ್ದ ಜಮಾಬಂದಿ, ಈಗ ಗ್ರಾಮ ಪಂಚಾಯಿತಿ ತನ್ನ ಲೆಕ್ಕವನ್ನು ಊರಿನ ಮುಂದೆ ಇಡುವ ಜಮಾಬಂದಿ. ಒಂದು ಶಬ್ದ ತಲೆಕೆಳಗಾದದ್ದು ನೋಡಿ ನನಗೆ ತುಂಬಾ ಖುಷಿ ಆಗುತ್ತೆ.

ಖಾಲಿ ಕುರ್ಚಿ

ಖುಷಿ ಹೆಚ್ಚು ಹೊತ್ತಿರೋದಿಲ್ಲ. ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಮೊದಲು ಕೊರೊನಾ. ಆಮೇಲೆ ಕ್ಷೇತ್ರ ಪುನರ್ವಿಂಗಡಣೆ. ಅದನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ. ಹೈಕೋರ್ಟು, ವಾಯಿದೆ, ಇನ್ನೊಂದು ವಾಯಿದೆ. ಸರ್ಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ಬದಲಾಯಿತು. 2024 ಮುಗಿದರೂ ಚುನಾವಣೆ ನಡೆದಿರಲಿಲ್ಲ. ಸಂವಿಧಾನದಲ್ಲಿ ಬರೆದ ಐದು ವರ್ಷದ ಮೇಲೆ ಮೂರು ವರ್ಷ ಖಾಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕರಲ್ಲೂ ಆ ಕಾಲದಲ್ಲಿ ತಾಲೂಕು ಪಂಚಾಯಿತಿ ಕಚೇರಿ ಇತ್ತು, ಕಾರ್ಯನಿರ್ವಹಣಾಧಿಕಾರಿ ಇದ್ದರು, ಜೀಪಿತ್ತು, ಮೀಟಿಂಗ್ ಹಾಲ್ ಇತ್ತು. ಸದಸ್ಯರು ಇರಲಿಲ್ಲ.

2021ರ ಆರಂಭದಲ್ಲಿ ತಾಲೂಕು ಪಂಚಾಯಿತಿಯ ಹಂತವನ್ನೇ ರದ್ದು ಮಾಡೋಣ ಅನ್ನುವ ಮಾತು ಸರ್ಕಾರದೊಳಗಿಂದಲೇ ಬಂತು. ದುಡ್ಡಿಲ್ಲ, ಅಧಿಕಾರ ಇಲ್ಲ, ಸುಮ್ಮನೆ ಯಾಕೆ ಅನ್ನೋ ವಾದ. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ರಾಜ್ಯದಲ್ಲಿ ನಡುವಿನ ಹಂತ ಇರಲೇಬೇಕು ಅನ್ನುತ್ತೆ ಸಂವಿಧಾನ, ಹಾಗಾಗಿ ಅದು ರಾಜ್ಯದ ಕೈಯಲ್ಲಿಲ್ಲ. ಆದರೆ ವಾದ ಗಮನಿಸಿ. 1926ರಲ್ಲಿ ತಾಲೂಕು ಬೋರ್ಡು ಹೋದದ್ದೂ ಉಪಯೋಗವಿಲ್ಲ ಅನ್ನೋ ಕಾರಣಕ್ಕೇ. ಕೈ ಕಟ್ಟಿಹಾಕಿ, ಇವನಿಗೆ ಕೆಲಸ ಬರೋದಿಲ್ಲ ಅಂತ ಹೇಳಿದ ಹಾಗೆ.

ಸಭೆ ಇಲ್ಲದಿದ್ದಾಗ ಕೆಲಸ ನಿಲ್ಲೋದಿಲ್ಲ, ಅದು ನಿಜ. ಬೇರೆಯವರು ಮಾಡುತ್ತಾರೆ. ತಾಲೂಕಿನಲ್ಲಿ ಕೆ.ಡಿ.ಪಿ. ಸಭೆ ನಡೆಯುತ್ತೆ, ಅಧ್ಯಕ್ಷರು ಶಾಸಕರು. ಬಗರ್ ಹುಕುಂ ಸಮಿತಿ, ಅಧ್ಯಕ್ಷರು ಶಾಸಕರು. ಆಶ್ರಯ ಮನೆಗಳ ಸಮಿತಿ, ಅಲ್ಲೂ ಶಾಸಕರು. ಯಾವ ಪಕ್ಷದ ಶಾಸಕರೇ ಇರಲಿ, ತಾಲೂಕು ಸಭೆ ಖಾಲಿಯಿದ್ದರೆ ಅವರಿಗೆ ಕಷ್ಟವೇನೂ ಇಲ್ಲ. ಇಷ್ಟು ಸರ್ಕಾರಗಳು ಇಷ್ಟು ಕಾರಣಗಳನ್ನು ಕೊಟ್ಟರೂ ಫಲ ಒಂದೇ ಆಗಿರೋದರ ಗುಟ್ಟು ಇದರಲ್ಲಿರಬಹುದು. ಹಳ್ಳಿಯವನಿಗೆ ನಷ್ಟ ಏನಪ್ಪಾ ಅಂದರೆ, ಬೈಯೋಕೆ ಹತ್ತಿರದಲ್ಲಿ ಸಿಗುತ್ತಿದ್ದ ಒಬ್ಬ ಮೆಂಬರು ಹೋದ. ಶಾಸಕರ ಮನೆ ಮುಂದೆ ನೂರು ಜನ ನಿಂತಿರುತ್ತಾರೆ. ಅಧಿಕಾರಿ ಎರಡು ವರ್ಷಕ್ಕೆ ವರ್ಗ ಆಗಿ ಹೋಗುತ್ತಾರೆ. ತಾಲೂಕು ಪಂಚಾಯಿತಿ ಮೆಂಬರು ಮಾತ್ರ ಪಕ್ಕದ ಊರಿನವನು, ಸಂತೆಯಲ್ಲಿ ಎದುರಾಗಲೇಬೇಕು.

ಪಾವಗಡದ ತಿರುಮಣಿ ಸುತ್ತಮುತ್ತ ಏನಾಯಿತು ನೋಡಿ. ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು. 2015ರಲ್ಲಿ ಅದಕ್ಕೇ ಅಂತ ಕಂಪನಿ ಹುಟ್ಟಿತು, 2018ರ ಮಾರ್ಚಿನಲ್ಲಿ ಉದ್ಘಾಟನೆ. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಬರಗಾಲದ ಹೊಲಕ್ಕೆ ಅದು ದೊಡ್ಡ ದುಡ್ಡೇ. ಜಮೀನಿದ್ದವರು ಸುಧಾರಿಸಿಕೊಂಡರು. ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕೂಲಿಗೆ ಹೋಗುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ. ಇಂಥ ಪ್ರಶ್ನೆ ಐದು ಊರಿಗಿಂತ ದೊಡ್ಡದು, ಆದ್ದರಿಂದ ಗ್ರಾಮ ಪಂಚಾಯಿತಿಗೆ ಎಟುಕೋದಿಲ್ಲ. ಬೆಂಗಳೂರಿನ ವಿಧಾನಸೌಧಕ್ಕೆ ಚಿಕ್ಕದು. ಸರಿಯಾಗಿ ತಾಲೂಕಿನ ಅಳತೆಯದು. ಪಾವಗಡದ ಫ್ಲೋರೈಡ್ ನೀರಿನ ಪ್ರಶ್ನೆಯೂ ಹಾಗೇ, ಶಿರಾದ ಕೆರೆಗಳಿಗೆ ಹೇಮಾವತಿ ನೀರು ಹಂಚುವ ಪ್ರಶ್ನೆಯೂ ಹಾಗೇ. ಕೊರಟಗೆರೆಯಿಂದ ಮಧುಗಿರಿ ದಾಟಿ ಹೋಗಿ ಉತ್ತರ ಪಿನಾಕಿನಿ ಸೇರುವ ಜಯಮಂಗಲಿ ನದಿಯ ಮರಳಿನ ಪ್ರಶ್ನೆ ಎರಡು ತಾಲೂಕಿಗೂ ಸೇರಿದ್ದು.

ಪಟ್ಟಣಗಳ ಪಾಡು

ಪಟ್ಟಣದವರು ಇದೇನು ಹಳ್ಳಿಯವರ ಗೋಳು ಅಂದುಕೊಳ್ಳಬೇಡಿ. 1964ರ ಪುರಸಭೆಗಳ ಕಾಯ್ದೆಯ ಲೆಕ್ಕದಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದ ತನಕ ಪುರಸಭೆ, ಮೂರು ಲಕ್ಷದ ತನಕ ನಗರಸಭೆ. ನಮ್ಮ ನಾಲ್ಕೂರಲ್ಲಿ ಮೂರು ನಮೂನೆಯೂ ಇವೆ. ಕೊರಟಗೆರೆ ಪಟ್ಟಣ ಪಂಚಾಯಿತಿ, ಮಧುಗಿರಿ ಮತ್ತು ಪಾವಗಡ ಪುರಸಭೆ, ಶಿರಾ ನಗರಸಭೆ. ಸುಬಾದ ರಾಜಧಾನಿಗೆ ಕೊನೆಗೂ ಉಳಿದವರಿಗಿಂತ ಒಂದು ಮೆಟ್ಟಿಲು ಮೇಲಿನ ಪದವಿ! ಇಲ್ಲೂ ಕುರ್ಚಿ ಖಾಲಿ ಬೀಳುವ ರೋಗ ಇದೆ. 2018ರಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಚುನಾವಣೆ ಆಗಿ ಕೌನ್ಸಿಲರುಗಳು ಗೆದ್ದರು. ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದ ಎರಡು ವರ್ಷ, ಅಂದರೆ 2020ರ ತನಕ, ಅಧ್ಯಕ್ಷರೇ ಇರಲಿಲ್ಲ. ಗೆದ್ದವರು ಪ್ರಮಾಣಪತ್ರ ಇಟ್ಟುಕೊಂಡು ಮನೆಯಲ್ಲಿ ಕೂತರು.

ಇಂಗ್ಲೆಂಡಿನವರು ಏನು ಮಾಡಿದರು?

ನಮ್ಮ ಬೋರ್ಡು, ಕೌನ್ಸಿಲು, ಚೇರ್ಮನ್ನು ಎಲ್ಲ ಇಂಗ್ಲೆಂಡಿನ ಅಚ್ಚು ತಾನೇ? ಅಲ್ಲಿನ ಕಥೆಯನ್ನೂ ಒಂದು ಕಣ್ಣು ನೋಡಿಬಿಡೋಣ. ಒಂದು ತಮಾಷೆ ಅಂದರೆ, ಭಾರತದಲ್ಲಿ ಸ್ಥಳೀಯ ಸ್ವಯಮಾಡಳಿತ ಬೇಕು ಅಂತ ಲಾರ್ಡ್ ರಿಪ್ಪನ್ ನಿರ್ಣಯ ಹೊರಡಿಸಿದ್ದು 1882ರಲ್ಲಿ. ಇಂಗ್ಲೆಂಡಿನ ಹಳ್ಳಿಗಾಡಿಗೆ ಚುನಾಯಿತ ಕೌಂಟಿ ಕೌನ್ಸಿಲು ಬರೋ ಕಾಯ್ದೆ 1888ರದ್ದು, ಪ್ಯಾರಿಷ್ ಮತ್ತು ಗ್ರಾಮಾಂತರ ಡಿಸ್ಟ್ರಿಕ್ಟ್ ಕೌನ್ಸಿಲುಗಳ ಕಾಯ್ದೆ 1894ರದ್ದು. ಅಲ್ಲಿ ತನಕ ಅಲ್ಲೂ ಜಹಗೀರುದಾರರದ್ದೇ ಪಾರುಪತ್ಯ. ಅವರ ಮೂರು ಹಂತವನ್ನು ನಮ್ಮ ಜಿಲ್ಲೆ–ತಾಲೂಕು–ಗ್ರಾಮಕ್ಕೆ ಹೋಲಿಸಬಹುದು. 1972ರ ಕಾಯ್ದೆಯಿಂದ 1974ರಲ್ಲಿ ನಡುವಿನ ಡಿಸ್ಟ್ರಿಕ್ಟುಗಳನ್ನು ಒಂದಕ್ಕೊಂದು ಸೇರಿಸಿ ದೊಡ್ಡದು ಮಾಡಿದರು, ಜನ ಗೊಣಗಿದರು. 1986ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲನ್ನೇ ರದ್ದು ಮಾಡಿದರು, 2000ದ ತನಕ ಇಡೀ ಲಂಡನ್ನಿಗೆ ಒಂದು ಚುನಾಯಿತ ಸಭೆ ಇರಲಿಲ್ಲ. ಅಂದರೆ ಮೇಲಿನವರು ಕೆಳಗಿನ ಸಭೆಯನ್ನು ಮಡಚಿಡೋದು ನಮ್ಮಲ್ಲಿ ಮಾತ್ರ ಅಲ್ಲ.

ಎರಡು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುತ್ತೆ. ಒಂದು, ಅಲ್ಲಿನ ಚಿಕ್ಕ ಪ್ಯಾರಿಷ್ ಕೌನ್ಸಿಲು ಕೂಡ ತನಗೆ ಈ ವರ್ಷ ಇಷ್ಟು ದುಡ್ಡು ಬೇಕು ಅಂತ ತಾನೇ ತೀರ್ಮಾನಿಸುತ್ತೆ. ಮೇಲಿನ ಕೌನ್ಸಿಲು ಅದನ್ನು ತೆರಿಗೆ ಜೊತೆ ವಸೂಲಿ ಮಾಡಿ ಕೊಡಬೇಕು. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ಮನೆ ಕಂದಾಯವಾದರೂ ಇದೆ, ತಾಲೂಕು ಪಂಚಾಯಿತಿ ಪೂರ್ತಿ ಮೇಲಿಂದ ಬರುವ ಅನುದಾನದ ಮೇಲೆ ಕೂತಿದೆ. ಎರಡನೆಯದು, ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸ್ಥಳೀಯ ಚುನಾವಣೆ ನಿಲ್ಲಿಸಿದರು. ಆಗ ಹಳೆಯ ಸದಸ್ಯರೇ ಮುಂದುವರಿದರು, ಅಧಿಕಾರಿ ಬಂದು ಸಭೆಯ ಕುರ್ಚಿಯಲ್ಲಿ ಕೂರಲಿಲ್ಲ. ಬಾಂಬು ಬೀಳುತ್ತಿದ್ದಾಗಲೂ ಸಭೆ ಸಭೆಯಾಗೇ ಉಳೀತು. ನಮ್ಮಲ್ಲಿ ಚುನಾವಣೆ ತಡವಾದ ದಿನವೇ ಆಡಳಿತಾಧಿಕಾರಿಯ ನೇಮಕ. ತಡ ಮಾಡೋದರಿಂದ ಸರ್ಕಾರಕ್ಕೆ ನಷ್ಟ ಇಲ್ಲ, ಲಾಭ ಇದೆ. ಹಾಗಿರುವಾಗ ತಡ ಯಾಕೆ ಆಗೋದಿಲ್ಲ ಹೇಳಿ?

ಜಿಲ್ಲೆ ಬೇಕೋ, ಸಭೆ ಬೇಕೋ

ಮಧುಗಿರಿಯನ್ನು ಜಿಲ್ಲೆ ಮಾಡಿ ಅನ್ನೋ ಕೂಗು ಬಹಳ ವರ್ಷಗಳದ್ದು. ಉಪವಿಭಾಗ ಇದೆ, ಶೈಕ್ಷಣಿಕ ಜಿಲ್ಲೆ ಅಂತ ಹೇಗೂ ಮಾಡಿದ್ದಾರೆ, ಪೂರ್ತಿ ಜಿಲ್ಲೆಯಾದರೆ ಪಾವಗಡದವರಿಗೆ ಅಲೆದಾಟ ಅರ್ಧಕ್ಕರ್ಧ ತಪ್ಪುತ್ತೆ. ಇದರಲ್ಲಿ ನ್ಯಾಯ ಇದೆ. ಶಿರಾದವರಿಗೆ ಹೆದ್ದಾರಿಯಲ್ಲಿ ನೇರ ತುಮಕೂರಿಗೆ ಹೋಗೋದೇ ಸುಲಭ, ಶಿರಾವೇ ಜಿಲ್ಲಾ ಕೇಂದ್ರ ಆಗಲಿ ಅನ್ನೋರೂ ಇದ್ದಾರೆ. ಅದೂ ಇರಲಿ.

ಜಿಲ್ಲೆ ಆದರೆ ಬರೋದು ಏನು? ಒಬ್ಬ ಜಿಲ್ಲಾಧಿಕಾರಿ, ಒಬ್ಬ ಎಸ್.ಪಿ., ಒಂದು ಜಿಲ್ಲಾಸ್ಪತ್ರೆ, ಸಾಲು ಕಟ್ಟಡಗಳು. ಬರಲಿ. ಆದರೆ ಮುನ್ನೂರು ವರ್ಷದಲ್ಲಿ ಈ ಸೀಮೆಗೆ ಕಚೇರಿಗಳ ಬರ ಯಾವತ್ತೂ ಇರಲಿಲ್ಲ. ಸುಬೇದಾರ ಬಂದ, ಫೌಜದಾರ ಬಂದ, ಅಮಲ್ದಾರ ಬಂದ, ಎ.ಸಿ. ಬಂದರು. ಹೆಸರು ಬದಲಾದಾಗಲೆಲ್ಲ ಕಚೇರಿ ಉಳೀತು. ಬಂದುಬಂದು ಹೋದದ್ದು ಸಭೆ ಮಾತ್ರ. 1902ರಲ್ಲಿ ಬಂದು 1926ರಲ್ಲಿ ಹೋಯಿತು, 1959ರಲ್ಲಿ ಬಂದು 1983ರ ಕಾಯ್ದೆಯಲ್ಲಿ ಸಲಹೆ ಸಮಿತಿಯಾಯಿತು, 1993ರ ಕಾಯ್ದೆಯಲ್ಲಿ ಮತ್ತೆ ಬಂದು 2021ರಲ್ಲಿ ಖಾಲಿಯಾಯಿತು. ಜಿಲ್ಲೆ ಬೇಕು ಅಂತ ಬಂದ್ ಮಾಡಿದ ಹಾಗೆ, ತಾಲೂಕು ಪಂಚಾಯಿತಿಗೆ ಚುನಾವಣೆ ಮಾಡಿ ಅಂತ ಯಾವ ಊರಿನಲ್ಲಾದರೂ ಅಂಗಡಿ ಬಾಗಿಲು ಹಾಕಿದ್ದನ್ನು ನಾನಂತೂ ಕೇಳಿಲ್ಲ.

ನನ್ನ ಲೆಕ್ಕದಲ್ಲಿ ಕೇಳಬೇಕಾದ್ದು ಮೂರು. ಅವಧಿ ಮುಗಿದ ದಿನ ಚುನಾವಣೆ ಆಗಿರದಿದ್ದರೆ, ತಪ್ಪು ಯಾರದೋ ಅವರಿಗೆ ಬಿಸಿ ತಟ್ಟುವ ಕಾನೂನು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎರಡೂ ಚುನಾವಣಾ ಆಯೋಗದ ಕೈಯಲ್ಲೇ ಇರೋದು. ತಾಲೂಕು ಪಂಚಾಯಿತಿಗೆ ತನ್ನದೇ ಅಂತ ಒಂದಿಷ್ಟು ಆದಾಯ, ಹಳೆಯ ಒಂದಾಣೆ ಸೆಸ್ಸಿನ ಥರ. 1860ರ ದಶಕದವರಿಗೆ ಹೊಳೆದದ್ದು ನಮಗೆ ಹೊಳೆಯಬಾರದು ಅಂತೇನಿಲ್ಲ.

ಗೆಳೆಯರೇ, ನೀವೆಲ್ಲ ನಿಮ್ಮ ನಿಮ್ಮ ಊರಿನ ಕೋಟೆ, ಶಾಸನ, ವೀರಗಲ್ಲುಗಳ ಬಗ್ಗೆ ಚೆನ್ನಾಗಿ ಬರೀತೀರಿ, ಓದಿ ಖುಷಿಪಟ್ಟಿದ್ದೀನಿ. ಜೊತೆಗೆ ನಿಮ್ಮ ಊರಿನ ತಾಲೂಕು ಬೋರ್ಡಿನ ಕಥೆಯನ್ನೂ ಹುಡುಕಿ ಬರೀರಿ. ಮನೆಯ ಅಜ್ಜಂದಿರನ್ನು ಕೇಳಿ, ಟಿ.ಡಿ.ಬಿ. ಕಾಲದಲ್ಲಿ ಮೆಂಬರು ಯಾರಿದ್ದರು, ಯಾವ ರಸ್ತೆ ಹಾಕಿಸಿದರು, ಯಾವ ಶಾಲೆ ಕಟ್ಟಿಸಿದರು ಅಂತ. ಹೇಳೋಕೆ ಅವರಿದ್ದಾರೆ, ಇನ್ನು ಸ್ವಲ್ಪ ವರ್ಷ. ವೀರಗಲ್ಲಾದರೆ ಇನ್ನೂ ಸಾವಿರ ವರ್ಷ ಇರುತ್ತೆ.